ಚಾರ್ಮಾಡಿಯ ಹೊಳೆ, ನಮ್ಮ ವುಝೂ

ಮಳೆಗಾಲದ ರಜೆ ಬಂದರೆ ನಮ್ಮವರ ವಾಹನಗಳು ಚಾರ್ಮಾಡಿ ಘಾಟಿಗೆ ಹೊರಡುತ್ತವೆ. 2024ರ ಜುಲೈಯಲ್ಲಿ ಎಚ್ಚರಿಕೆ ಮೀರಿ ಅಲ್ಲಿನ ಜಲಪಾತಕ್ಕಿಳಿದ ಪ್ರವಾಸಿಗರ ಬಟ್ಟೆಯನ್ನೇ ಪೊಲೀಸರು ಎತ್ತಿಕೊಂಡು ಹೋದಾಗ ನಾವೆಲ್ಲ ನಕ್ಕೆವು. ಆದರೆ ಜಾರುವ ಬಂಡೆಯೊಂದೇ ಅಲ್ಲ, ನಾವು ಅಲ್ಲಿ ಬಿಟ್ಟು ಬರುವ ಕಸವೂ ಅಪಾಯವೇ.

ಬಿರಿಯಾನಿ ಉಂಡು ಪ್ಲಾಸ್ಟಿಕ್ ತಟ್ಟೆ, ಬಾಟಲಿ ಕಣಿವೆಗೆ ಎಸೆದರೆ ಮುಗಿಯಿತು ಅಂದುಕೊಳ್ಳುತ್ತೇವೆ. ಮುಗಿಯುವುದಿಲ್ಲ. ಘಾಟಿಯಿಂದ ನಮ್ಮ ಕಡೆಗಿಳಿಯುವ ತೊರೆಗಳು ಮೃತ್ಯುಂಜಯ ಹೊಳೆಯಾಗಿ ನೇತ್ರಾವತಿ ಸೇರುತ್ತವೆ. ದಾರಿಯುದ್ದಕ್ಕೂ ಊರವರ ತೋಟ, ದನಕರು ಅದೇ ನೀರನ್ನು ನಂಬಿವೆ. ಕೊನೆಗೆ ತುಂಬೆ ಡ್ಯಾಂನಿಂದ ಮಂಗಳೂರಿನ ನಳ್ಳಿಗಳಿಗೆ ಬರುವುದೂ ಅದೇ. ಅದರಲ್ಲೇ ನಮ್ಮ ವುಝೂ.

ಮಂಗಗಳಿಗೆ ತಿಂಡಿ ಎಸೆಯುವುದೂ ಉಪಕಾರವಲ್ಲ. ಅದರ ಆಸೆಗೆ ಅವು ರಸ್ತೆಗೆ ಬಂದು ಚಕ್ರದಡಿ ಸಿಗುತ್ತವೆ.

ದಾರಿಯಲ್ಲಿ ತೊಂದರೆ ಕೊಡುವ ವಸ್ತುವನ್ನು ತೆಗೆಯುವುದು ಈಮಾನಿನ ಭಾಗವೆಂದು ಮದ್ರಸದಲ್ಲಿ ಮಕ್ಕಳಿಗೆ ಕಲಿಸುತ್ತೇವೆ. ಅದೇ ಮಕ್ಕಳ ಎದುರು ಕಿಟಕಿಯಿಂದ ಬಾಟಲಿ ಎಸೆದರೆ ಕಲಿಸಿದ್ದು ಉಳಿಯುತ್ತದೆಯೇ? ಮುಂದಿನ ಸಲ ಹೊರಡುವಾಗ ಮನೆಯ ಸ್ಟೀಲ್ ತಟ್ಟೆಯೂ ಒಂದು ಖಾಲಿ ಗೋಣಿಯೂ ಜೊತೆಗಿರಲಿ. ನಮ್ಮ ಕಸ ನಮ್ಮ ಜೊತೆಗೇ ವಾಪಸ್ ಬರಲಿ.