ಠೇವಣಿ ನಾನು ಕಟ್ಟುತ್ತೇನೆ

ಪಂಚಾಯಿತಿಗೆ ನಿಲ್ಲಲು 21, ವಿಧಾನಸಭೆಗೆ 25 ವರ್ಷ ತುಂಬಿದ್ದರೆ ಸಾಕು ಎನ್ನುತ್ತದೆ ಸಂವಿಧಾನ. ಆದರೆ ರಾಜ್ಯದಲ್ಲಿ ವಿಧಾನಸಭಾ ಅಭ್ಯರ್ಥಿಯ ವೆಚ್ಚದ ಮಿತಿಯೇ 40 ಲಕ್ಷ ರೂಪಾಯಿ! ಅಸ್ಪೃಶ್ಯತೆಯ ವಿರುದ್ಧ, ಕೆರೆ ಒತ್ತುವರಿಯ ವಿರುದ್ಧ ದನಿ ಎತ್ತುವ ಹುಡುಗ ಹುಡುಗಿಯರು ನಮ್ಮ ಊರುಗಳಲ್ಲಿದ್ದಾರೆ. ಅವರ ಕೈಯಲ್ಲಿ ದುಡ್ಡಿಲ್ಲ, ಬೆನ್ನಿಗೆ ದೊಡ್ಡ ಮನೆತನವಿಲ್ಲ. ಅವರು ಪಳಗಬೇಕಿದ್ದ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಿಗೋ, 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಇದು ಎಳೆಯರಿಗೆ ಬಗೆದ ಅನ್ಯಾಯ.

ಗ್ರಾಮ ಪಂಚಾಯಿತಿಯಲ್ಲಿ ಪಕ್ಷದ ಚಿಹ್ನೆಯಿಲ್ಲ, ಟಿಕೆಟ್ಟಿಗೆ ಕಾಯಬೇಕಿಲ್ಲ. ಅಲ್ಲಿಂದಲೇ ಶುರುವಾಗಲಿ. ನಮ್ಮ ಓಣಿಯಿಂದ ಅಂಥವರು ನಿಂತರೆ ಠೇವಣಿ ನಾನು ಕಟ್ಟುತ್ತೇನೆ, ಮತ ಕೇಳಲು ಮನೆಮನೆಗೂ ಜೊತೆಗೆ ಬರುತ್ತೇನೆ.

– ನಿವೃತ್ತ ಶಿಕ್ಷಕಿ, ಹಾಸನ ಜಿಲ್ಲೆ