ಕಾಗೆಗೆ ಅರ್ಥ ಹುಡುಕುವವರು

ಹೊಸ ಚಿತ್ರದ ಫಸ್ಟ್ ಲುಕ್ ಹೊರಬಿದ್ದ ಅರ್ಧ ಗಂಟೆಗೆಲ್ಲ ಅದನ್ನು 'ಡಿಕೋಡ್' ಮಾಡುವ ವಿಡಿಯೊ ಬಂದಿರುತ್ತದೆ. ನಾಯಕನ ಹೆಗಲ ಹಿಂದೆ ಹಾರುವ ಕಾಗೆಗೊಂದು ಅರ್ಥ, ಗಡಿಯಾರದ ಮುಳ್ಳಿಗೆ ಇನ್ನೊಂದು. ವಡೋದರದ ಮಕರಪುರದಲ್ಲಿ ಕಾರ್ಖಾನೆ ಕೆಲಸಕ್ಕಿರುವ ನಮ್ಮ ಕಡೆಯ ಹುಡುಗನೊಬ್ಬ ಅಂಥದ್ದೊಂದನ್ನು ತೋರಿಸಿ, "ಇಡೀ ಕತೆ ಇದರಲ್ಲೇ ಅಡಗಿಸಿದ್ದಾರೆ ಸಾರ್, ನೋಡೋ ಕಣ್ಣಿರಬೇಕು" ಅಂದ. ನನಗೆ ಹಾಗನ್ನಿಸುವುದಿಲ್ಲ. ನಮ್ಮ ಸಿನಿಮಾ ಪೋಸ್ಟರಿನ ಮುಖ್ಯ ಅರ್ಥ ಅಡಗಿರುವುದೇ ಇಲ್ಲ, ಕಣ್ಣೆದುರೇ ಇರುತ್ತದೆ.

ಆ ಹುಡುಗ ಇರುವ ಊರೇ ಇದಕ್ಕೆ ಸಾಕ್ಷಿ. ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರಿಗಾಗಿ ರಾಜಾ ರವಿವರ್ಮ 14 ಪೌರಾಣಿಕ ಚಿತ್ರಗಳನ್ನು ಬರೆದುಕೊಟ್ಟದ್ದು ಆಗ ಬರೋಡ ಎನಿಸಿದ್ದ ಈ ವಡೋದರಕ್ಕೆ. 1894ರಲ್ಲಿ ಮುಂಬಯಿಯಲ್ಲಿ ಶುರುವಾದ ರವಿವರ್ಮರ ಪ್ರೆಸ್ಸು ದೇವರನ್ನು ಮನೆಮನೆಯ ಗೋಡೆಗೆ ತಂದಿತು. ಬರೋಡದ ಕಲಾಭವನದಲ್ಲಿ ಕಲಿತ ದಾದಾಸಾಹೇಬ್ ಫಾಲ್ಕೆ ಆ ಪ್ರೆಸ್ಸಿನಲ್ಲೂ ದುಡಿದು, 1913ರಲ್ಲಿ 'ರಾಜಾ ಹರಿಶ್ಚಂದ್ರ' ತೆಗೆದರು. ನಮ್ಮ ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್.ಎಂ. ಪಂಡಿತರು ಮುಂಬಯಿಗೆ ಹೋಗಿ ಒಂದೇ ಕುಂಚದಲ್ಲಿ ಹಾಲಿವುಡ್ ಚಿತ್ರಗಳಿಗೆ ಷೋಕಾರ್ಡ್ ಬರೆದರು, ಕ್ಯಾಲೆಂಡರಿಗೆ ದೇವರನ್ನೂ ಬರೆದರು. ಆ ಕ್ಯಾಲೆಂಡರಿನಲ್ಲಿ ಗುಟ್ಟು ಅನ್ನುವುದಿರಲಿಲ್ಲ. ಕಮಲದ ಮೇಲೆ ನಿಂತವಳು ಲಕ್ಷ್ಮಿ ಎಂದು ಅಕ್ಷರ ಬಾರದ ಅಜ್ಜಿಗೂ ಗೊತ್ತಿತ್ತು. ಮುಖ್ಯ ದೇವರು ನಡುವೆ, ದೊಡ್ಡದಾಗಿ. ವಾಹನವೂ ಭಕ್ತರೂ ಪಾದದ ಬಳಿ, ಚಿಕ್ಕದಾಗಿ. ಸಿನಿಮಾ ಪೋಸ್ಟರು ಈ ಲೆಕ್ಕವನ್ನು ಹಾಗೇ ಎತ್ತಿಕೊಂಡಿತು.

ಆದ್ದರಿಂದಲೇ ಬೆಂಗಳೂರಿನ ಕೆಂಪೇಗೌಡ ರಸ್ತೆಯ ಥಿಯೇಟರಿನ ಮುಂದೆ ಕಟೌಟಿಗೆ ಹಾಲೆರೆಯುವ ಅಭಿಮಾನಿಯನ್ನು ನಕ್ಕು ತಳ್ಳಿಹಾಕಬಾರದು. ಹಾಲು ದಂಡವಾಯಿತೆಂಬುದು ನಿಜ. ಆದರೆ ಆ ಚಿತ್ರ ಯಾವ ವಂಶದ್ದು ಎಂಬುದನ್ನು ಆತ ಡಿಕೋಡ್ ಪಂಡಿತರಿಗಿಂತ ಚೆನ್ನಾಗಿ ಬಲ್ಲ.

ಬೇಕೆಂದೇ ಬಚ್ಚಿಟ್ಟ ಸಂಕೇತಗಳೂ ಇವೆ ಎಂಬ ವಾದಕ್ಕೆ ತೂಕವಿದೆ. 1991ರ 'ದಿ ಸೈಲೆನ್ಸ್ ಆಫ್ ದಿ ಲ್ಯಾಂಬ್ಸ್' ಪೋಸ್ಟರಿನಲ್ಲಿ ಹೆಣ್ಣಿನ ಬಾಯಿ ಮುಚ್ಚಿ ಕೂತ ಪತಂಗದ ಬೆನ್ನ ಮೇಲೊಂದು ತಲೆಬುರುಡೆ. ಹತ್ತಿರ ಹೋಗಿ ನೋಡಿದರೆ ಆ ಬುರುಡೆ ಏಳು ಬೆತ್ತಲೆ ಹೆಂಗಸರ ಮೈಗಳಿಂದ ಆದದ್ದು. ಅದು ಚಿತ್ರಕಲಾವಿದ ಡಾಲಿ ಜೊತೆಗೂಡಿ ಛಾಯಾಗ್ರಾಹಕ ಹಾಲ್ಸ್‌ಮನ್ ತೆಗೆದ ಫೋಟೊ. ಹೆಂಗಸರನ್ನು ಕೊಂದು ಚರ್ಮ ಸುಲಿಯುವವನ ಕತೆಗೆ ಇದು ಒಪ್ಪುತ್ತದೆ, ಸಿನಿಮಾ ನೋಡಿ ಬಂದ ಮೇಲೆ ಇನ್ನಷ್ಟು ಇರಿಯುತ್ತದೆ. ಪರೀಕ್ಷೆ ಇಷ್ಟೇ: ಚಿತ್ರ ನೋಡಿದ ಮೇಲೂ ಸಂಕೇತ ನಿಲ್ಲಬೇಕು. ನಮ್ಮ ಕಾಗೆ, ಗಡಿಯಾರಗಳಲ್ಲಿ ಬಹಳಷ್ಟು ಬಿಡುಗಡೆಯ ದಿನವೇ ಸತ್ತಿರುತ್ತವೆ. ಅವನ್ನು ಇಟ್ಟದ್ದೇ ನಾವು ಹುಡುಕುತ್ತ ಬಿಟ್ಟಿ ಪ್ರಚಾರ ಕೊಡಲಿ ಎಂದು. ಅರ್ಥವೆಲ್ಲ ನೋಡುವವರಿಗೆ ಬಿಟ್ಟದ್ದು ಎನ್ನುವವರ ಜೊತೆ ವಾದ ಬೇಡ, ಅವರು ಪೋಸ್ಟರನ್ನೇ ನೋಡಬೇಕಾಗಿಲ್ಲ.

ಕಾಗೆಯ ರೆಕ್ಕೆಯ ಗರಿ ಎಣಿಸುವವರು ನಾಯಕಿಯನ್ನು ಯಾವ ಮೂಲೆಗೆ ತಳ್ಳಿದ್ದಾರೆಂದು ಕೇಳುವುದಿಲ್ಲ. ಅವಳು ನಾಯಕನ ಮೊಣಕಾಲೆತ್ತರಕ್ಕೆ ಏಕಿದ್ದಾಳೆ? ಮಚ್ಚು ಏಕೆ ಆರತಿಯ ಹಾಗೆ ಹೊಳೆಯುತ್ತದೆ? ಕತೆ ಬರೆದವನ ಹೆಸರು ಓದಲು ಭೂತಗನ್ನಡಿ ಏಕೆ ಬೇಕು? ಇವು ಯಾರೂ ಬಚ್ಚಿಡದ ಸಂಗತಿಗಳು. ಯಾರನ್ನು ದೊಡ್ಡವರೆಂದು, ಯಾರನ್ನು ಚಿಕ್ಕವರೆಂದು ನಾವು ಒಪ್ಪಿಕೊಂಡಿದ್ದೇವೆ ಎಂಬುದನ್ನು ಊರ ಗೋಡೆಗಳ ಮೇಲೆ ರಾಜಾರೋಷವಾಗಿ ಸಾರುತ್ತಿವೆ. ಗುಟ್ಟು ಬಿಡಿಸುವುದು ಸುಲಭ, ಮಜಾ ಕೂಡ. ಬಹಿರಂಗವಾದದ್ದನ್ನು ಓದಿದರೆ ಮಾತ್ರ ಉತ್ತರ ಕೊಡಬೇಕಾದವರು ನಾವೇ ಆಗುತ್ತೇವೆ.