ಸಾಗರದತ್ತೆಯ ಹೆಸರೇನು?

ನಮ್ಮ ಊರಮನೆಯ ಅಟ್ಟದ ಟ್ರಂಕಿನಲ್ಲಿ ಒಂದು ಗ್ರೂಪ್ ಫೋಟೊ ಸಿಕ್ಕಿತು. ಹದಿನೇಳು ಜನ. ಚಾಪೆಯ ಮೇಲೆ ಮಕ್ಕಳು, ಕುರ್ಚಿಗಳಲ್ಲಿ ರುಮಾಲು ಸುತ್ತಿದ ಹಿರಿಯರು, ಹಿಂದೆ ನಿಂತ ಹೆಂಗಸರು. ಎಡತುದಿಯಲ್ಲಿ ಕಿವಿಗೆ ಬುಗುಡಿ ಇಟ್ಟ ಒಬ್ಬಾಕೆ, ಕಂಕುಳಲ್ಲಿ ಕೂಸು. ಕೂಸು ಅಲುಗಾಡಿದ್ದಕ್ಕೆ ಅದರ ಮುಖ ಕಲಸಿಹೋಗಿದೆ. ಆಕೆಯ ಮುಖ ನಿಚ್ಚಳ. ಎಂಬತ್ತೆರಡು ವರ್ಷದ ಅತ್ತೆಗೆ ತೋರಿಸಿದೆ. “ಅಯ್ಯೋ, ಸಾಗರದತ್ತೆ!” ಅಂದರು. ಹೆಸರೇನು ಅಂತ ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದರು. “ಸಾಗರದತ್ತೆ ಅಂತ್ಲೇ ಕರೀತಿದ್ವಲ್ಲೋ ಮಾರಾಯ, ಹೆಸರು ಯಾರು ಹೇಳಿದ್ರು?”

ಕುರ್ಚಿಯಲ್ಲಿ ಕೂತ ಐವರು ಗಂಡಸರ ಹೆಸರನ್ನೂ ಅತ್ತೆ ಪಟಪಟನೆ ಹೇಳಿದರು. ಆ ಹೆಸರುಗಳು ವಂಶವೃಕ್ಷದಲ್ಲಿವೆ, ಪಹಣಿಯಲ್ಲಿವೆ, ಮೊಮ್ಮಕ್ಕಳ ನಾಮಕರಣದಲ್ಲೂ ಬಂದಿವೆ. ಹೆಂಗಸರು ಸಾಗರದವಳು, ಕೊಪ್ಪದವಳು, ಸಣ್ಣಮ್ಮ, ದೊಡ್ಡಮ್ಮ. ಇವರು ಬದುಕಿದ್ದರು ಅನ್ನುವುದಕ್ಕೆ ಎಷ್ಟೋ ಮನೆಗಳಲ್ಲಿ ಉಳಿದಿರುವ ಒಂದೇ ಸಾಕ್ಷಿ ಇಂಥ ಫೋಟೊ. ಫೋಟೊ ತೆಗೆಸಿದರೆ ಆಯುಸ್ಸು ಕಡಿಮೆಯಾಗುತ್ತದೆಂದು ಹೆದರುತ್ತಿದ್ದ ಕಾಲದಲ್ಲಿ, ಜೀವಮಾನಕ್ಕೆ ಒಮ್ಮೆ ಅವರು ಕ್ಯಾಮರಾದ ಎದುರು ನಿಂತಿದ್ದಾರೆ. ಆ ಒಂದನ್ನೂ ನಾವು ಗೆದ್ದಲಿಗೆ, ಬೂಷ್ಟಿಗೆ ಒಪ್ಪಿಸಿ ಕೂತಿದ್ದೇವೆ.

ಕಪ್ಪುಬಿಳುಪು ಫೋಟೊದಲ್ಲಿ ನಾವು ಕಾಣುವ ಮುಖ ಬೆಳ್ಳಿಯ ಸಣ್ಣ ಕಣಗಳದ್ದು. ಅದನ್ನು ಕಾಗದಕ್ಕೆ ಹಿಡಿದಿಟ್ಟಿರುವುದು ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಾಟಿನ್. ಬೂಷ್ಟಿಗೆ ಅದು ಹಬ್ಬದೂಟ. ಮಲೆನಾಡಿನ ಮಳೆಗಾಲದಲ್ಲಿ ಒರತೆ ಬರುವ ಗೋಡೆಗೆ ತೂಗುಹಾಕಿದ ಫೋಟೊದ ಜೆಲಾಟಿನ್ ಮೆತ್ತಗಾಗಿ ಗಾಜಿಗೇ ಅಂಟುತ್ತದೆ. ಹಾಗೆ ಅಂಟಿದ್ದನ್ನು ದಯವಿಟ್ಟು ಕೀಳಬೇಡಿ, ಮುಖವೇ ಕಿತ್ತುಬರುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ. ಎಪ್ಪತ್ತು-ಎಂಬತ್ತರ ದಶಕದ ಮದುವೆಯ ಕಲರ್ ಫೋಟೊಗಳ ಗತಿ ಇನ್ನೂ ಕಷ್ಟದ್ದು. ಅವುಗಳಲ್ಲಿ ಬೆಳ್ಳಿಯಿಲ್ಲ, ಬರೀ ಬಣ್ಣ. ಕತ್ತಲಲ್ಲಿಟ್ಟರೂ ನೀಲಿ ಛಾಯೆ ಮೊದಲು ಹೋಗಿ ಇಡೀ ಚಪ್ಪರ ಕೆಂಪಾಗುತ್ತದೆ. ನಾವು ಪ್ರೀತಿಯಿಂದ ಕೊಂಡ, ಹಾಳೆಗೇ ಅಂಟು ಬಳಿದಿರುವ ಆಲ್ಬಮ್ಮುಗಳಂತೂ ಫೋಟೊಗಳನ್ನು ಒಳಗೊಳಗೇ ತಿಂದವು.

ಅಟ್ಟ ಬೇಡ. ಬೇಸಿಗೆಯಲ್ಲಿ ಹೆಂಚಿನ ಕೆಳಗಿನ ಕಾವು, ಮಳೆಗಾಲದಲ್ಲಿ ಥಂಡಿ, ಎರಡೂ ಫೋಟೊಗೆ ವಿಷ. ಜನ ಮಲಗುವ ಕೋಣೆಯ ಕಪಾಟು, ಹೊರಗೋಡೆಗೆ ತಾಗದ ಕಡೆ, ನೆಲದಿಂದ ಮೇಲೆ, ಅಷ್ಟು ಸಾಕು. ರಬ್ಬರ್ ಬ್ಯಾಂಡು, ಪಿನ್ನು ತೆಗೆದುಹಾಕಿ. ಹಳೇ ಪೇಪರಿನಲ್ಲಿ ಸುತ್ತಬೇಡಿ, ಅದರ ಆಮ್ಲ ಫೋಟೊಗೂ ಇಳಿಯುತ್ತದೆ. ಆಮ್ಲವಿಲ್ಲದ ಕಾಗದ ತರಿಸಿ ಒಂದೊಂದನ್ನೂ ಬೇರೆಬೇರೆ ಕವರಿನಲ್ಲಿಡಿ.

2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದವು. ಮರುವರ್ಷ ಅದೇ ತಿಂಗಳು ಬೆಳಗಾವಿ, ಬಾಗಲಕೋಟೆಯ ಹಳ್ಳಿಗಳಿಗೆ ಹೊಳೆ ನುಗ್ಗಿತು. ನೀರಿಳಿದ ಮೇಲೆ ಸರ್ಕಾರ ಮನೆಗೆ, ಬೆಳೆಗೆ ಪರಿಹಾರ ಕೊಡಬಹುದು, ಅವ್ವನ ಫೋಟೊ ಯಾರು ಕೊಡುತ್ತಾರೆ? ನೆನೆದ ಫೋಟೊಗಳನ್ನು ಒಂದರ ಮೇಲೊಂದು ಒಣಗಲು ಬಿಟ್ಟರೆ ಇಟ್ಟಿಗೆಯಾಗುತ್ತವೆ. ಒದ್ದೆಯಿರುವಾಗಲೇ ಶುದ್ಧ ತಣ್ಣೀರಿನಲ್ಲಿ ಮೆಲ್ಲಗೆ ಬಿಡಿಸಿ, ಚಿತ್ರ ಮೇಲಾಗಿ ನೆರಳಲ್ಲಿ ಹರವಿ. ಹಾಗೆ ಮಾಡಿದರೆ ಎಷ್ಟೋ ಫೋಟೊ ಉಳಿಯುತ್ತವೆ. ಇದನ್ನು ಹೊಳೆದಂಡೆಯ ಪ್ರತಿ ಮನೆಗೂ ಹೇಳಬೇಕು.

“ಎಲ್ಲ ವಾಟ್ಸಾಪ್ ಗ್ರೂಪಿಗೆ ಹಾಕಿದ್ದೀನಲ್ಲ” ಅನ್ನುವವರೇ, ಮೊಬೈಲಿನಲ್ಲಿ ಓರೆಯಾಗಿ ತೆಗೆದು ಹೀಗೆ ಕಳಿಸಿದ ಫೋಟೊ ಅರ್ಧಕ್ಕರ್ಧ ಸೊರಗಿರುತ್ತದೆ. ಫೋನು ಕೆಟ್ಟ ದಿನ ಅದೂ ಇಲ್ಲ. 600 ಡಿಪಿಐಗೆ ಕಮ್ಮಿಯಿಲ್ಲದಂತೆ ಸ್ಕ್ಯಾನ್ ಮಾಡಿಸಿ, ಮೂರು ಪ್ರತಿ ಇಡಿ, ಒಂದು ಪ್ರತಿ ಬೇರೆ ಊರಿನ ತಂಗಿಯ ಮನೆಯಲ್ಲಿರಲಿ. ಸ್ಕ್ಯಾನಾಯಿತೆಂದು ಮೂಲವನ್ನು ಎಸೆಯಬೇಡಿ.

ಇಷ್ಟೆಲ್ಲ ಮಾಡಿಯೂ ಹೆಸರು ಬರೆಯದಿದ್ದರೆ ಏನು ಉಳಿಸಿದಂತಾಯಿತು? ಜೋಪಾನವಾಗಿಟ್ಟ ಫೋಟೊ ಕಾಯುತ್ತದೆ. ಹೆಸರು ಗೊತ್ತಿರುವ ಕೊನೆಯ ಜೀವಕ್ಕೆ ಅಷ್ಟು ಪುರುಸೊತ್ತಿಲ್ಲ. ಅಜ್ಜಿ, ದೊಡ್ಡಮ್ಮ, ಸೋದರಮಾವ, ಯಾರಿದ್ದಾರೋ ಅವರ ಪಕ್ಕ ಈ ವಾರವೇ ಹೋಗಿ ಕೂತುಕೊಳ್ಳಿ. ಮೆದು ಪೆನ್ಸಿಲಿನಲ್ಲಿ, ಒತ್ತದೆ, ಫೋಟೊದ ಬೆನ್ನಿಗೆ ಬರೆಯಿರಿ. ಬಾಲ್‌ಪೆನ್ ಬೇಡ, ಅದರ ಗೀರು ಮುಂಬದಿಗೆ ಮೂಡುತ್ತದೆ. ಪೆನ್ಸಿಲ್ ಹಿಡಿಯದ ನುಣುಪು ಕಲರ್ ಪ್ರಿಂಟಾದರೆ ಕವರಿನ ಮೇಲೆ ಬರೆಯಿರಿ. ಹೆಣ್ಣಿನ ಹೆಸರನ್ನು ಮೊದಲು ಕೇಳಿ. ಇಂಥವರ ಹೆಂಡತಿ, ಇಂಥ ಊರಿನವಳು ಅಂದರೆ ಬಿಡಬೇಡಿ, ತವರಲ್ಲಿ ಏನಂತ ಕೂಗುತ್ತಿದ್ದರು, ಕೇಳಿ.

ಸಾಗರದ ಕಡೆಯ ಎರಡು ಮನೆಗೆ ಫೋನ್ ಮಾಡಿದ್ದೇನೆ, ಇನ್ನೂ ಉತ್ತರವಿಲ್ಲ. ಟ್ರಂಕಿನಲ್ಲಿ ಇನ್ನು ಹನ್ನೊಂದು ಫೋಟೊಗಳಿವೆ. ಅತ್ತೆಗೆ ಈಗ ಒಂದೇ ಕಣ್ಣು ಕಾಣುತ್ತದೆ, ಅದೂ ಬೆಳಗಿನ ಬಿಸಿಲಿದ್ದರೆ. ಭಾನುವಾರ ಮೊದಲ ಬಸ್ಸಿಗೇ ಹೊರಡುತ್ತೇನೆ.